ಸಿಗ್ನಲ್ ಇಲ್ಲದ ಕೋಣೆಯಲ್ಲಿ ಫೋನ್ ರಿಂಗಾಗಬೇಕೆ? ವೈ-ಫೈ ಕರೆಯ ಬಗ್ಗೆ ಓದುಗರ ಪ್ರಶ್ನೆಗಳು

ಮೊಬೈಲ್ ಸಿಗ್ನಲ್ ಸಿಗದ ಕಡೆ ವೈ-ಫೈ ಮೂಲಕ ಕರೆ ಮಾಡುವುದು, ಎಸ್ಸೆಮ್ಮೆಸ್ ಕಳಿಸುವುದು ಹೇಗೆಂದು ಕೇಳಿ ಬಂದ ಪತ್ರಗಳನ್ನು ಈ ಸಂಚಿಕೆಗೆ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಒಂದೇ ತೊಂದರೆ ಬರೆದವರ ಪ್ರಶ್ನೆಗಳನ್ನು ಸೇರಿಸಿ ಒಂದು ಮಾಡಲಾಗಿದೆ.

ಪ್ರಶ್ನೆ: ವಾಟ್ಸ್ಆ್ಯಪ್‌ನಲ್ಲಿ ದಿನವೂ ವೈ-ಫೈ ಮೇಲೆಯೇ ಮಾತಾಡುತ್ತೇನೆ. ಹಾಗಿರುವಾಗ ಫೋನಿನ ಸೆಟ್ಟಿಂಗ್ಸ್‌ನಲ್ಲಿರುವ ‘ವೈ-ಫೈ ಕಾಲಿಂಗ್’ ಮತ್ತೇನು ಮಾಡುತ್ತದೆ?

ಉತ್ತರ: ಎರಡೂ ಹೊರಡುವುದು ಒಂದೇ ರೂಟರಿನಿಂದ, ಹೋಗಿ ಸೇರುವ ಜಾಗ ಮಾತ್ರ ಬೇರೆ. ಆ್ಯಪ್‌ನ ಕರೆಗೆ ಆಚೆ ಬದಿಯವರ ಬಳಿಯೂ ಅದೇ ಆ್ಯಪ್, ಇಂಟರ್‌ನೆಟ್ ಎರಡೂ ಇರಬೇಕು. ವೈ-ಫೈ ಕಾಲಿಂಗ್ ಎಂಬುದು ನಿಮ್ಮ ಸಿಮ್ಮಿನ ಮಾಮೂಲಿ ಕರೆಯೇ. ಟವರಿಗೆ ಹೋಗುವ ಬದಲು ವೈ-ಫೈ ಹಿಡಿದು ಮೊಬೈಲ್ ಕಂಪನಿಯ ಜಾಲ ಸೇರುತ್ತದೆ. ನಂಬರು ನಿಮ್ಮದೇ. ಆಚೆಯವರ ಕೈಯಲ್ಲಿ ಬಟನ್ ಫೋನ್ ಇರಲಿ, ಸ್ಥಿರ ದೂರವಾಣಿ ಇರಲಿ, ಅವರಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ.

ಒಳಗೆ ನಡೆಯುವುದಿಷ್ಟು: ಫೋನು ಇಂಟರ್‌ನೆಟ್ ಮೂಲಕ ಮೊಬೈಲ್ ಕಂಪನಿಯ ‘ಇ-ಪಿಡಿಜಿ’ ಎಂಬ ದ್ವಾರವನ್ನು ಹುಡುಕಿ, ಅಲ್ಲಿಯವರೆಗೆ ಐಪಿಸೆಕ್ ಎಂಬ ಗೂಢಲಿಪಿಯ ಸುರಂಗ ಹಾಕುತ್ತದೆ. ನೀವೇ ಚಂದಾದಾರರು ಎಂಬುದನ್ನು ಸಿಮ್ಮಿನೊಳಗಿನ ಗುಪ್ತ ಕೀಲಿ ಖಾತ್ರಿಪಡಿಸುತ್ತದೆ. ಅಲ್ಲಿಂದ ಮುಂದೆ 4ಜಿ ಕರೆಗಳನ್ನು ನಿಭಾಯಿಸುವ ಅದೇ ಐಎಂಎಸ್ ವ್ಯವಸ್ಥೆ ಈ ಕರೆಯನ್ನೂ ನೋಡಿಕೊಳ್ಳುತ್ತದೆ. ಈ ಸುರಂಗ ನೆನಪಿರಲಿ, ಕೆಳಗೆ ಬರುವ ತಾಪತ್ರಯಗಳಲ್ಲಿ ಹೆಚ್ಚಿನವು ಅದರವೇ.

ಪ್ರಶ್ನೆ: ಆನ್ ಮಾಡುವುದು ಹೇಗೆ? ಆನ್ ಆದ ಮೇಲೂ ಕರೆ ನಿಜವಾಗಿ ವೈ-ಫೈ ಮೇಲೇ ಹೋಗುತ್ತಿದೆ ಎಂದು ತಿಳಿಯುವುದು ಹೇಗೆ?

ಉತ್ತರ: ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ವಿಭಾಗದಲ್ಲಿ ಸಿಮ್ ಆಯ್ದುಕೊಂಡರೆ ‘ವೈ-ಫೈ ಕಾಲಿಂಗ್’ ಸಿಗುತ್ತದೆ. ಸ್ಯಾಮ್‌ಸಂಗ್‌ನಲ್ಲಿ ‘ಕನೆಕ್ಷನ್ಸ್’ ಒಳಗಿದೆ. ಐಫೋನಿನಲ್ಲಿ ಮೊಬೈಲ್ ಅಥವಾ ಸೆಲ್ಯುಲಾರ್ ವಿಭಾಗ. ಆವೃತ್ತಿ ಬದಲಾದಂತೆ ಜಾಗವೂ ಬದಲಾಗುತ್ತದೆ, ಆದ್ದರಿಂದ ಸೆಟ್ಟಿಂಗ್ಸ್‌ನ ಹುಡುಕಾಟದಲ್ಲಿ ಹೆಸರು ಟೈಪ್ ಮಾಡುವುದೇ ಸುಲಭ. ಜೊತೆಗೆ ವಿಒಎಲ್‌ಟಿಇ (4ಜಿ ಜಾಲದ ಮೇಲೆಯೇ ಕರೆ ಮಾಡುವ ಸೌಲಭ್ಯ) ಕೂಡ ಆನ್ ಇರಲಿ, ಕಾರಣ ಮುಂದೆ ಬರುತ್ತದೆ. ಹುಡುಕಿದರೂ ಆಯ್ಕೆಯೇ ಕಾಣದಿದ್ದರೆ ನಿಮ್ಮ ಕಂಪನಿ ಆ ಸೇವೆ ಕೊಡುತ್ತಿಲ್ಲ, ಅಥವಾ ನಿಮ್ಮ ಫೋನಿನ ಸಾಫ್ಟ್‌ವೇರಿನಲ್ಲಿ ಆ ಕಂಪನಿಯ ಪ್ರೊಫೈಲ್ ಇಲ್ಲ. ಬೇರೆ ದೇಶದ ಮಾರುಕಟ್ಟೆಗೆಂದು ತಯಾರಾದ ಫೋನುಗಳಲ್ಲಿ ಎರಡನೆಯದು ಸಾಮಾನ್ಯ.

ಪರೀಕ್ಷೆಗೆ ಏರ್‌ಪ್ಲೇನ್ ಮೋಡ್ ಹಾಕಿ, ನಂತರ ವೈ-ಫೈ ಮಾತ್ರ ಮತ್ತೆ ಆನ್ ಮಾಡಿ. ಅರ್ಧ ನಿಮಿಷದಲ್ಲಿ ಕಂಪನಿಯ ಹೆಸರಿನ ಪಕ್ಕ ‘ವೈ-ಫೈ’ ಎಂದೋ, ಫೋನಿನ ಚಿತ್ರದ ಜೊತೆ ವೈ-ಫೈ ಅಲೆಯ ಗುರುತೋ ಬರಬೇಕು. ಈಗ ಒಂದು ಕರೆ ಮಾಡಿ, ಇನ್ನೊಂದು ಫೋನಿನಿಂದ ನಿಮ್ಮ ನಂಬರಿಗೂ ಮಾಡಿಸಿ. ಟವರಿನ ದಾರಿ ಪೂರ್ತಿ ಮುಚ್ಚಿರುವುದರಿಂದ ಎರಡೂ ಸಿಕ್ಕರೆ ಸುರಂಗ ಸರಿಯಾಗಿದೆ ಎಂದರ್ಥ. ತೊಂದರೆ ಹುಡುಕುವಾಗಲೆಲ್ಲ ಈ ಪರೀಕ್ಷೆಯಿಂದಲೇ ಶುರು ಮಾಡಿ. ಇಲ್ಲದಿದ್ದರೆ ಟವರಿನ ದೋಷವನ್ನು ರೂಟರಿನ ತಲೆಗೆ ಕಟ್ಟುವುದು ತಪ್ಪದು.

ಪ್ರಶ್ನೆ: ನಮ್ಮದು 100 ಎಂಬಿಪಿಎಸ್ ಸಂಪರ್ಕ. ಸಿನಿಮಾ ತಡೆಯಿಲ್ಲದೆ ಓಡುತ್ತದೆ. ವೈ-ಫೈ ಕರೆಯಲ್ಲಿ ಮಾತ್ರ ಮಾತು ಕತ್ತರಿಸಿ ಕತ್ತರಿಸಿ ಕೇಳುತ್ತದೆ. ಏಕೆ?

ಉತ್ತರ: ಕರೆಗೆ ವೇಗ ಬೇಕಾಗಿಯೇ ಇಲ್ಲ. ಧ್ವನಿ ಸೆಕೆಂಡಿಗೆ 50 ಪೊಟ್ಟಣಗಳಾಗಿ (ಪ್ಯಾಕೆಟ್), 20 ಮಿಲಿಸೆಕೆಂಡಿಗೆ ಒಂದರಂತೆ ಹೊರಡುತ್ತದೆ. ಸುರಂಗದ ಹೊದಿಕೆಯನ್ನೂ ಸೇರಿಸಿದರೆ ಒಂದೊಂದು ಪೊಟ್ಟಣ ಸುಮಾರು 200 ಬೈಟ್. ಒಂದು ದಿಕ್ಕಿಗೆ 80 ಕೆಬಿಪಿಎಸ್ ಆಯಿತು, ನಿಮಿಷಕ್ಕೆ ಎರಡೂ ದಿಕ್ಕು ಸೇರಿ 1.2 ಎಂಬಿ. ನಿಮ್ಮ ಸಂಪರ್ಕದ ಸಾವಿರದಲ್ಲಿ ಒಂದು ಪಾಲೂ ಇಲ್ಲ.

ಬೇಕಾದದ್ದು ಸಮಯಪಾಲನೆ. ಸಿನಿಮಾ ಆ್ಯಪ್ ಕೆಲವು ಸೆಕೆಂಡುಗಳ ಸರಕನ್ನು ಮೊದಲೇ ತುಂಬಿಟ್ಟುಕೊಂಡು ಓಡುತ್ತದೆ, ಮಾತಿಗೆ ಆ ಸೌಕರ್ಯವಿಲ್ಲ. ತಡವಾಗಿ ಬಂದ ಪೊಟ್ಟಣವನ್ನು ಫೋನು ಎಸೆಯುತ್ತದೆ, ನಿಮಗೆ ಕೇಳುವುದು ಆ ತೂತು. ಒಂದು ದಿಕ್ಕಿನ ವಿಳಂಬ 150 ಮಿಲಿಸೆಕೆಂಡಿನೊಳಗೆ, ಏರಿಳಿತ 30ರೊಳಗೆ, ಕಳೆದುಹೋಗುವ ಪೊಟ್ಟಣಗಳು ಶೇಕಡಾ 1ರೊಳಗೆ ಇದ್ದರೆ ಮಾತು ಸರಾಗ.

ಕೆಡಿಸುವ ಮೊದಲ ಆರೋಪಿ ಅಪ್‌ಲೋಡ್. ಮನೆಯ ಯಾವುದೋ ಫೋನು ಫೋಟೊಗಳನ್ನು ಕ್ಲೌಡಿಗೆ ಏರಿಸುತ್ತಿದ್ದರೆ, ಸಿಸಿಟಿವಿ ಕ್ಯಾಮೆರಾ ವಿಡಿಯೊ ಕಳಿಸುತ್ತಿದ್ದರೆ ರೂಟರಿನ ಹೊರಹೋಗುವ ಸಾಲು ತುಂಬಿ, ನಿಮ್ಮ ಧ್ವನಿಯ ಪೊಟ್ಟಣಗಳು ಅದರ ಹಿಂದೆ ಕಾಯುತ್ತವೆ. ನಿಮಗೆ ಆಚೆಯವರು ಸ್ಪಷ್ಟವಾಗಿ ಕೇಳಿ, ಅವರಿಗೆ ನೀವು ಕೇಳಿಸದಿದ್ದರೆ ಕಾರಣ ಬಹುತೇಕ ಇದೇ. ಕಂಪ್ಯೂಟರಿನಲ್ಲಿ ಪಿಂಗ್ (ಪೊಟ್ಟಣ ಹೋಗಿಬರುವ ಸಮಯ ಅಳೆಯುವ ಆದೇಶ) ಹಾಕಿಟ್ಟು ದೊಡ್ಡ ಫೈಲೊಂದನ್ನು ಅಪ್‌ಲೋಡ್ ಮಾಡಿ ನೋಡಿ. 20 ಮಿಲಿಸೆಕೆಂಡ್ ಇದ್ದದ್ದು 300 ದಾಟಿದರೆ ಕಳ್ಳ ಸಿಕ್ಕಂತೆ. ರೂಟರಿನಲ್ಲಿ ಈ ಸಾಲು ಬೆಳೆಯದಂತೆ ನೋಡಿಕೊಳ್ಳುವ ಎಸ್‌ಕ್ಯೂಎಂ ಸೌಲಭ್ಯ ಇದ್ದರೆ ಆನ್ ಮಾಡಿ, ಮಿತಿಯನ್ನು ನಿಜವಾಗಿ ಸಿಗುವ ಅಪ್‌ಲೋಡ್ ವೇಗದ ಶೇಕಡಾ 85ರಿಂದ 90ಕ್ಕೆ ಇಡಿ. ಅದಿಲ್ಲದ ರೂಟರಿನಲ್ಲಿ ಯಾವುದಕ್ಕೆ ಮೊದಲ ಸ್ಥಾನ ಎಂದು ಹೇಳುವ ಕ್ಯೂಒಎಸ್ ಪುಟಕ್ಕೆ ಹೋಗಿ ಫೋನಿಗೆ ಆದ್ಯತೆ ಕೊಡಿ, ಫೋಟೊ ಬ್ಯಾಕಪ್ಪನ್ನು ರಾತ್ರಿಗೆ ಹಾಕಿ. ಇನ್ನೂ ದೊಡ್ಡ ಪ್ಲಾನ್ ಕೊಳ್ಳಿ ಎಂಬ ಸಲಹೆ ಇಲ್ಲಿ ದುಡ್ಡು ದಂಡ.

ಎರಡನೆಯದು ಗಾಳಿಯಲ್ಲಿನ ಕಿರಿಕಿರಿ. ಮಾತಾಡುವ ಜಾಗದಲ್ಲಿ ವೈ-ಫೈ ಬಲ ಮೈನಸ್ 67 ಡಿಬಿಎಂ ಆಸುಪಾಸಿನಲ್ಲಿರಬೇಕು. ಮೈನಸ್ 75ಕ್ಕಿಂತ ಕೆಳಗೆ ಜಾರಿದರೆ ವೆಬ್ ಪುಟ ತೆರೆದೀತು, ಮಾತು ಒಡೆಯುತ್ತದೆ. ಅಳೆಯಲು ಉಚಿತ ವೈ-ಫೈ ಅನಲೈಸರ್ ಆ್ಯಪ್ ಸಾಕು. ಆದಷ್ಟೂ 5 ಗಿಗಾಹರ್ಟ್ಸ್ ಬಳಸಿ. 2.4ರಲ್ಲೇ ಇರಬೇಕಾದರೆ ಚಾನೆಲ್ 1, 6, 11ರಲ್ಲಿ ಖಾಲಿ ಇರುವುದನ್ನು ಆರಿಸಿ ಅಗಲವನ್ನು 20 ಮೆಗಾಹರ್ಟ್ಸ್‌ಗೆ ಇಡಿ. ಬ್ಲೂಟೂತ್ ಇಯರ್‌ಫೋನ್ ಹಾಕಿದಾಗ ಮಾತ್ರ ಧ್ವನಿ ಕೆಡುತ್ತದೆಯೇ? ಬ್ಲೂಟೂತ್ ಕೂಡ 2.4 ಗಿಗಾಹರ್ಟ್ಸ್‌ನಲ್ಲೇ ಓಡುವುದು. ಫೋನನ್ನು 5ಕ್ಕೆ ಸರಿಸಿದರೆ ಜಗಳ ಮುಗಿಯಿತು.

ಪ್ರಶ್ನೆ: ಮನೆಯಲ್ಲಿ ಸರಿಯಾಗಿದೆ. ಕಚೇರಿಯ ವೈ-ಫೈಗೆ ಬಂದರೆ ಗುರುತೇ ಮೂಡುವುದಿಲ್ಲ, ಉಳಿದ ಇಂಟರ್‌ನೆಟ್ ಚೆನ್ನಾಗಿದೆ. ಎಸ್‌ಐಪಿ ಎಎಲ್‌ಜಿ ಆಫ್ ಮಾಡಿಸಿ ಎಂದು ಯಾರೋ ಹೇಳಿದರು, ಪ್ರಯೋಜನ ಆಗಲಿಲ್ಲ.

ಉತ್ತರ: ಆಗುವುದೂ ಇಲ್ಲ. ಕರೆಯನ್ನು ಜೋಡಿಸುವ ಎಸ್‌ಐಪಿ ಸಂದೇಶಗಳು ಸುರಂಗದೊಳಗೆ ಗೂಢಲಿಪಿಯಲ್ಲಿ ಹೋಗುತ್ತವೆ, ಅಂಥ ಸಂದೇಶಗಳನ್ನು ಓದಿ ತಿದ್ದುವ ರೂಟರಿನ ಎಎಲ್‌ಜಿಗೆ ಅವು ಕಾಣುವುದೇ ಇಲ್ಲ. ಆ ಸಲಹೆ ಇಂಟರ್‌ನೆಟ್ ದೂರವಾಣಿ ಪೆಟ್ಟಿಗೆಗಳಿಗೆ ಸರಿ, ಸಿಮ್ಮಿನ ವೈ-ಫೈ ಕರೆಗೆ ಅಲ್ಲ.

ಸುರಂಗಕ್ಕೆ ಬೇಕಾಗುವುದು ಯುಡಿಪಿ (ಪೊಟ್ಟಣ ಸಾಗಿಸುವ ಒಂದು ವಿಧಾನ) 500 ಮತ್ತು 4500 ಎಂಬ ಎರಡು ಪೋರ್ಟುಗಳು, ಅಂದರೆ ಸಂಖ್ಯೆ ಹಾಕಿದ ಬಾಗಿಲುಗಳು. ಕಚೇರಿಯ ಫೈರ್‌ವಾಲ್ ಹೆಚ್ಚಾಗಿ ವೆಬ್ಬಿಗೆ ಬೇಕಾದಷ್ಟನ್ನೇ ಬಿಟ್ಟು ಉಳಿದದ್ದನ್ನು ತಡೆದಿರುತ್ತದೆ. ನೆಟ್‌ವರ್ಕ್ ನೋಡಿಕೊಳ್ಳುವವರಿಗೆ ಈ ಎರಡನ್ನು ಹೊರದಿಕ್ಕಿಗೆ ಬಿಡಿ ಎಂದರೆ ಸಾಕು. ಒಳದಿಕ್ಕಿಗೆ ಏನನ್ನೂ ತೆರೆಯಬೇಕಿಲ್ಲ, ಪೋರ್ಟ್ ಫಾರ್ವರ್ಡಿಂಗ್ ಕೂಡ ಬೇಡ. ಪೋರ್ಟ್ ತೆರೆದ ಮೇಲೂ ಗುರುತು ಬರದಿದ್ದರೆ ಎರಡು ಕಡೆ ನೋಡಿ. ಮೊದಲನೆಯದು ಹೆಸರಿನಿಂದ ಐಪಿ ವಿಳಾಸ ಹುಡುಕಿಕೊಡುವ ಡಿಎನ್‌ಎಸ್: ಕಂಪನಿಯ ದ್ವಾರದ ವಿಳಾಸ ‘ತ್ರೀಜಿಪಿಪಿನೆಟ್‌ವರ್ಕ್ ಡಾಟ್ ಆರ್ಗ್’ ಎಂಬ ಹೆಸರಿನಡಿ ಇರುತ್ತದೆ, ಜಾಹೀರಾತು ತಡೆಯುವ ಡಿಎನ್‌ಎಸ್‌ಗಳು ಕೆಲವೊಮ್ಮೆ ಅದನ್ನೂ ನುಂಗುತ್ತವೆ. ಎರಡನೆಯದು ಪೊಟ್ಟಣದ ಗಾತ್ರ: ಗುರುತು ಪರೀಕ್ಷೆಯ ವೇಳೆ ದ್ವಾರ ಕಳಿಸುವ ಪ್ರಮಾಣಪತ್ರ ಒಂದೇ ಪೊಟ್ಟಣದಲ್ಲಿ ಹಿಡಿಸದೆ ತುಂಡಾಗಿ ಬರಬಹುದು, ತುಂಡುಗಳನ್ನು ಬಿಸಾಡುವ ಫೈರ್‌ವಾಲ್ ಇದ್ದರೆ ಸುರಂಗ ಅರ್ಧಕ್ಕೇ ನಿಲ್ಲುತ್ತದೆ. ತುಂಡಾದ ಯುಡಿಪಿಯನ್ನು ಬಿಡುವಂತೆ ಫೈರ್‌ವಾಲಿನಲ್ಲಿ ಹೇಳಬೇಕು. ಪಿಪಿಪಿಒಇ (ರೂಟರಿನಲ್ಲಿ ಬಳಕೆದಾರರ ಹೆಸರು, ಪಾಸ್‌ವರ್ಡ್ ಕೊಟ್ಟು ಸೇರುವ) ಸಂಪರ್ಕವಾದರೆ ಎಂಟಿಯು, ಅಂದರೆ ಒಂದು ಪೊಟ್ಟಣದ ಗರಿಷ್ಠ ಗಾತ್ರ, 1492 ಇದೆಯೇ ನೋಡಿ, 1500 ಎಂದಿದ್ದರೆ ತಿದ್ದಿ.

ಪ್ರಶ್ನೆ: ನಾನು ಮಾಡಿದ ಕರೆ ಹೋಗುತ್ತದೆ. ಫೋನನ್ನು ಸ್ವಲ್ಪ ಹೊತ್ತು ಮೇಜಿನ ಮೇಲಿಟ್ಟರೆ ನನಗೆ ಬರುವ ಕರೆ ಮಾತ್ರ ರಿಂಗಾಗುವುದಿಲ್ಲ.

ಉತ್ತರ: ರೂಟರು ಸುರಂಗವನ್ನು ಮರೆತಿದೆ. ಪ್ರತಿ ಯುಡಿಪಿ ಸಂಪರ್ಕಕ್ಕೂ ಅದು ಒಂದು ನಮೂದು ಇಟ್ಟುಕೊಂಡು, ಸಂಚಾರ ನಿಂತರೆ ಕೆಲ ಹೊತ್ತಿನಲ್ಲಿ ಅಳಿಸುತ್ತದೆ. ಈ ಅವಧಿ 120 ಸೆಕೆಂಡಿಗಿಂತ ಕಡಿಮೆ ಇರಬಾರದು, 300 ಇದ್ದರೆ ಒಳ್ಳೆಯದು ಎಂದು ಆರ್‌ಎಫ್‌ಸಿ 4787 ಎಂಬ ಮಾನದಂಡ ಹೇಳುತ್ತದೆ. 30ಕ್ಕೇ ಅಳಿಸುವ ರೂಟರುಗಳೂ ಇವೆ. ಫೋನು ಆಗಾಗ ‘ಇದ್ದೇನೆ’ ಎಂಬ ಪುಟ್ಟ ಪೊಟ್ಟಣ ಕಳಿಸಿ ನಮೂದನ್ನು ಜೀವಂತ ಇಡಲು ನೋಡುತ್ತದಾದರೂ, ಬ್ಯಾಟರಿ ಉಳಿಸುವ ಭರದಲ್ಲಿ ತಡ ಮಾಡಿದರೆ ನಮೂದು ಹೋಯಿತು. ಆಚೆಯಿಂದ ಬಂದ ಕರೆಗೆ ಬಾಗಿಲೇ ಇಲ್ಲ. ರೂಟರಿನಲ್ಲಿ ಯುಡಿಪಿ ಟೈಮ್‌ಔಟ್ ಸಿಕ್ಕರೆ 300 ಮಾಡಿ. ಫೋನಿನಲ್ಲಿ ಅತಿಯಾದ ಬ್ಯಾಟರಿ ಉಳಿತಾಯ ತೆಗೆಯಿರಿ, ನಿದ್ದೆಯಲ್ಲಿ ವೈ-ಫೈ ಆಫ್ ಆಗುವ ಆಯ್ಕೆ ಇದ್ದರೆ ಅದನ್ನೂ.

ಪ್ರಶ್ನೆ: ಮಾತಾಡುತ್ತಾ ಗೇಟಿನವರೆಗೆ ಹೋದರೆ ಕರೆ ಕಡಿಯುತ್ತದೆ.

ಉತ್ತರ: ಹೊರಗೆ 4ಜಿ ಅಥವಾ 5ಜಿ ಸಿಗ್ನಲ್ ಇದ್ದು ವಿಒಎಲ್‌ಟಿಇ ಆನ್ ಇದ್ದರೆ ಕರೆ ತಾನಾಗಿ ಟವರಿಗೆ ದಾಟಬೇಕು. ಹೊರಗೆ ಸಿಗುವುದು ಹಳೆಯ 2ಜಿ ಮಾತ್ರವಾದರೆ ದಾಟಲು ಸೇತುವೆ ಇಲ್ಲ, ಕಡಿದೇ ಹೋಗುತ್ತದೆ. 4ಜಿ ಇದ್ದೂ ಕಡಿಯುವುದಾದರೆ ಫೋನು ಸಾಯುತ್ತಿರುವ ವೈ-ಫೈಯನ್ನು ಬಿಡದೆ ಹಿಡಿದಿದೆ. ‘ಕರೆಗೆ ಮೊಬೈಲ್ ಜಾಲವೇ ಮೊದಲು’ ಎಂಬ ಆದ್ಯತೆ ಇದ್ದರೆ ಅದನ್ನು ಆರಿಸಿ, ಆಗ ಸಿಗ್ನಲ್ ಸಿಗದ ಕಡೆ ಮಾತ್ರ ವೈ-ಫೈ ಬಳಕೆಯಾಗುತ್ತದೆ. ಇಲ್ಲವಾದರೆ ಗೇಟು ದಾಟುವ ಮುನ್ನ ವೈ-ಫೈ ಆಫ್ ಮಾಡುವುದು.

ಪ್ರಶ್ನೆ: ಒಟಿಪಿ, ಎಸ್ಸೆಮ್ಮೆಸ್ ವೈ-ಫೈ ಮೇಲೆ ಬರುತ್ತವೆಯೇ? ಕನ್ನಡದಲ್ಲಿ ಬರೆದ ಒಂದೇ ಸಂದೇಶಕ್ಕೆ ಎರಡು ಮೂರು ಎಂದು ಲೆಕ್ಕ ಹಾಕುವುದೇಕೆ?

ಉತ್ತರ: ಕಂಪನಿಯ ಐಎಂಎಸ್ ವ್ಯವಸ್ಥೆ ಎಸ್ಸೆಮ್ಮೆಸ್ಸನ್ನೂ ಒಯ್ಯುತ್ತಿದ್ದರೆ ಬರುತ್ತವೆ. ಕೆಲವೆಡೆ ಕರೆ ಮಾತ್ರ ವೈ-ಫೈ ಮೇಲೆ, ಸಂದೇಶಕ್ಕೆ ಟವರೇ ಬೇಕು. ಊಹಿಸಬೇಕಿಲ್ಲ: ಮೇಲೆ ಹೇಳಿದ ಏರ್‌ಪ್ಲೇನ್ ಪರೀಕ್ಷೆಯಲ್ಲೇ ಒಂದು ಎಸ್ಸೆಮ್ಮೆಸ್ ಕಳಿಸಿ, ಒಂದು ತರಿಸಿಕೊಳ್ಳಿ. ಆದರೆ ಎಚ್ಚರ, ಮೆಸೇಜ್ ಆ್ಯಪ್‌ನಲ್ಲೇ ಕಾಣುವ ಐಮೆಸೇಜ್ ಮತ್ತು ಆರ್‌ಸಿಎಸ್ ಎಂಬ ಚಾಟ್ ಸಂದೇಶಗಳು ಹೇಗಿದ್ದರೂ ಇಂಟರ್‌ನೆಟ್ ಮೇಲೆಯೇ ಹೋಗುವುದರಿಂದ ಅವು ತಲುಪಿದರೆ ಎಸ್ಸೆಮ್ಮೆಸ್ ಸರಿಯಾಗಿದೆ ಎಂದಾಗದು. ಒಟಿಪಿ ಸಾಮಾನ್ಯವಾಗಿ ಅಪ್ಪಟ ಎಸ್ಸೆಮ್ಮೆಸ್.

ಲೆಕ್ಕಕ್ಕೂ ವೈ-ಫೈಗೂ ಸಂಬಂಧವಿಲ್ಲ. ಒಂದು ಎಸ್ಸೆಮ್ಮೆಸ್ಸಿನ ಹೊಟ್ಟೆ 140 ಬೈಟ್. ಇಂಗ್ಲಿಷ್ ಅಕ್ಷರಕ್ಕೆ 7 ಬಿಟ್ ಸಾಕಾದ್ದರಿಂದ 160 ಹಿಡಿಸುತ್ತವೆ, ಕನ್ನಡಕ್ಕೆ 16 ಬಿಟ್ ಬೇಕು, ಹಾಗಾಗಿ 70. ಉದ್ದವಾಗಿ ತುಂಡಾದರೆ ಜೋಡಣೆಯ ಗುರುತಿಗೂ ಜಾಗ ಹೋಗಿ ತುಂಡೊಂದಕ್ಕೆ 67. ಅದೂ ಕಣ್ಣಿಗೆ ಕಾಣುವ ಅಕ್ಷರಗಳಲ್ಲ: ಕಾಗುಣಿತದ ಚಿಹ್ನೆ, ಒತ್ತಿನ ಹಿಂದಿನ ವಿರಾಮ ಎಲ್ಲವೂ ಪ್ರತ್ಯೇಕ ಲೆಕ್ಕ. ‘ನಮಸ್ಕಾರ’ ನಾಲ್ಕಲ್ಲ, ಏಳು. ಇಂಗ್ಲಿಷ್ ಸಂದೇಶದಲ್ಲಿ ಒಂದು ಎಮೋಜಿ ಹಾಕಿದರೂ ಇಡೀ ಸಂದೇಶ 70ರ ಲೆಕ್ಕಕ್ಕೆ ಬೀಳುತ್ತದೆ.

ಪ್ರಶ್ನೆ: ಎರಡು ಸಿಮ್ ಇವೆ, ಒಂದರಲ್ಲಿ ಮಾತ್ರ ವೈ-ಫೈ ಗುರುತು ಬರುತ್ತದೆ.

ಉತ್ತರ: ಸಿಮ್ಮಿಗೊಂದು ಸ್ವಿಚ್, ಎರಡನೆಯದನ್ನೂ ಆನ್ ಮಾಡಿ. ಕೆಲವು ಆಂಡ್ರಾಯ್ಡ್‌ಗಳಲ್ಲಿ ‘ಬ್ಯಾಕಪ್ ಕಾಲಿಂಗ್’ ಎಂಬುದೂ ಇದೆ: ಒಂದು ಸಿಮ್ಮಿಗೆ ಸಿಗ್ನಲ್ ಇಲ್ಲದಿದ್ದರೆ ಇನ್ನೊಂದರ ಮೊಬೈಲ್ ಡೇಟಾ ಮೇಲೆಯೇ ಇದೇ ಸುರಂಗ ಹಾಕುತ್ತದೆ.

ಪ್ರಶ್ನೆ: ಹೋಟೆಲು, ವಿಮಾನ ನಿಲ್ದಾಣದ ವೈ-ಫೈಯಲ್ಲಿ ಮಾತಾಡಿದರೆ ಬೇರೆಯವರು ಕೇಳಿಸಿಕೊಳ್ಳಬಹುದೇ? ವಿದೇಶದಿಂದ ಮಾಡಿದರೆ ದರ ಯಾವುದು?

ಉತ್ತರ: ವೈ-ಫೈ ಒಡೆಯನಿಗೆ ಕಾಣುವುದು ನೀವು ಯಾವ ಕಂಪನಿಯ ದ್ವಾರದ ಜೊತೆ ಮಾತಾಡುತ್ತಿದ್ದೀರಿ ಎಂಬುದಷ್ಟೇ, ಮಾತಲ್ಲ. ಮೊದಲು ಅಲ್ಲಿನ ಲಾಗಿನ್ ಪುಟ ದಾಟಿರಬೇಕು, ಅಲ್ಲಿಯವರೆಗೆ ವೈ-ಫೈ ಸಂಪರ್ಕದ ಗುರುತು ಇದ್ದರೂ ಸುರಂಗ ಏಳುವುದಿಲ್ಲ. ದರ ನಿಮ್ಮ ಮೊಬೈಲ್ ಕಂಪನಿಯ ನಿಯಮ. ವಿದೇಶದ ವೈ-ಫೈ ಕರೆಯನ್ನು ಸ್ವದೇಶದ ಕರೆಯೆಂದು ಎಣಿಸುವವರಿದ್ದಾರೆ, ರೋಮಿಂಗ್ ದರ ಹಾಕುವವರಿದ್ದಾರೆ, ದೇಶದಾಚೆಯ ಐಪಿ ವಿಳಾಸ ಕಂಡೊಡನೆ ಸೇವೆಯನ್ನೇ ನಿಲ್ಲಿಸುವವರೂ ಇದ್ದಾರೆ. ಹೊರಡುವ ಮುನ್ನ ಬರಹದಲ್ಲಿ ಕೇಳಿಕೊಳ್ಳಿ. ಇದೇ ಕಾರಣಕ್ಕೆ ರೂಟರಿನಲ್ಲೇ ಬೇರೆ ದೇಶದ ವಿಪಿಎನ್ ಹಾಕಿಟ್ಟರೆ ಮನೆಯಲ್ಲಿ ಕೂತಿದ್ದರೂ ವೈ-ಫೈ ಕರೆ ಕೈಕೊಡಬಹುದು.

ಪ್ರಶ್ನೆ: ತುರ್ತು ಕರೆಗೆ ಇದನ್ನು ನೆಚ್ಚಬಹುದೇ?

ಉತ್ತರ: ಇದೊಂದನ್ನೇ ನೆಚ್ಚಬೇಡಿ. ತುರ್ತು ನಂಬರ್ ಒತ್ತಿದಾಗ ಫೋನು ಮೊದಲು ಮೊಬೈಲ್ ಜಾಲವನ್ನೇ ಹುಡುಕುತ್ತದೆ, ಸಾಧ್ಯವಾದರೆ ಬೇರೆ ಕಂಪನಿಯ ಟವರನ್ನೂ ಬಳಸುತ್ತದೆ. ಏನೂ ಸಿಗದೆ ವೈ-ಫೈ ಮೇಲೆ ಹೋದರೆ, ಕಂಪನಿ ಅದಕ್ಕೆ ಅವಕಾಶ ಕೊಟ್ಟಿದ್ದರೂ ಟವರಿನಿಂದ ತಿಳಿಯುವ ಸ್ಥಳದ ಸುಳಿವು ಅಲ್ಲಿರುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ‘ತುರ್ತು ವಿಳಾಸ’ ಕೇಳಿದ್ದರೆ ತುಂಬಿ, ಮನೆ ಬದಲಿಸಿದ ದಿನವೇ ತಿದ್ದಿ. ಕರೆಯಲ್ಲಿ ಮೊದಲ ಮಾತೇ ವಿಳಾಸವಾಗಿರಲಿ.

ಕರೆಂಟ್ ಹೋದರೆ ರೂಟರೂ ಹೋಯಿತು, ಕರೆಯೂ ಹೋಯಿತು. ರೂಟರ್ ಮತ್ತು ಫೈಬರ್ ಪೆಟ್ಟಿಗೆ ಎರಡಕ್ಕೂ ಪುಟ್ಟ ಡಿಸಿ ಯುಪಿಎಸ್ ಹಾಕಿ. ಒಂದಕ್ಕೆ ಹಾಕಿ ಇನ್ನೊಂದನ್ನು ಮರೆಯುವವರೇ ಹೆಚ್ಚು. ಅಡಾಪ್ಟರ್ ಮೇಲಿನ ವೋಲ್ಟೇಜ್ ಸರಿಯಾಗಿ ಹೊಂದಬೇಕು, ಆಂಪಿಯರ್ ಅಷ್ಟೇ ಅಥವಾ ಹೆಚ್ಚು ಇರಬೇಕು. ಎರಡೂ ಸೇರಿ 15 ವ್ಯಾಟ್ ಎಳೆದರೆ 45 ವ್ಯಾಟ್-ಅವರ್ ಬ್ಯಾಟರಿ ಲೆಕ್ಕಕ್ಕೆ ಮೂರು ಗಂಟೆ, ಪರಿವರ್ತನೆಯ ನಷ್ಟ ಕಳೆದರೆ ಎರಡೂವರೆ.

ಪ್ರಶ್ನೆ: ಸಿಮ್ ಇಲ್ಲದ ಹಳೆಯ ಫೋನಿನಲ್ಲಿ ವೈ-ಫೈ ಕಾಲಿಂಗ್ ಸಾಧ್ಯವೇ?

ಉತ್ತರ: ಇಲ್ಲ. ಸುರಂಗದ ಕೀಲಿ ಇರುವುದೇ ಸಿಮ್ಮಿನಲ್ಲಿ, ಇ-ಸಿಮ್ ಆದರೂ ಸರಿ. ಅಂಥ ಫೋನಿಗೆ ಕರೆ ಆ್ಯಪ್‌ಗಳೇ ಗತಿ.