ಮಣ್ಣಲ್ಲಿ ಸಿಕ್ಕ ಗಾಜಿನ ಬರಣಿಯ ವಯಸ್ಸೆಷ್ಟು?

ಪ್ರಶ್ನೆ: ಅಕ್ಕಾರ, ನಮಸ್ಕಾರ. ಟಿಳಕವಾಡಿಯ ನಮ್ಮ ಹಳೇ ಮನೆಯ ಹಿತ್ತಲಲ್ಲಿ ನೀರಿನ ಟಾಕಿಗೆ ಅಗೆಯುವಾಗ ಮೂರು ಗಾಜಿನ ಸಾಮಾನು ಸಿಕ್ಕವು. ಒಂದು ಅಗಲ ಬಾಯಿಯ ಬರಣಿ. ಮೈಮೇಲೆ ಇಂಗ್ಲಿಷಿನಲ್ಲಿ ಹಾರ್ಲಿಕ್ಸ್, ಸ್ಲೌ ಎಂಬ ಉಬ್ಬಕ್ಷರ. ಇನ್ನೊಂದು ಕುತ್ತಿಗೆ ಹಿಚುಕಿದಂಥ ದಪ್ಪ ಹಸಿರು ಬಾಟ್ಲಿ, ಬಾಯಿ ಒಡೆದಿದೆ. ಮೂರನೆಯದು ಚಪ್ಪಟೆ ಬಾಟ್ಲಿ. ಬದಿಗೆ ಗೆರೆಗಳಿವೆ, ತಳದಲ್ಲಿ 1898 ಅಂತ ಇದೆ. ಫೋಟೊ ಕಳಿಸಿದ್ದೇನೆ. ಬ್ರಿಟಿಷರ ಕಾಲದವೇ? ಬರಣಿಗೆ ಉಪ್ಪಿನಕಾಯಿ ಹಾಕಬಹುದೇ?
— ಓದುಗರು, ಬೆಳಗಾವಿ

ಉತ್ತರ: ಉಪ್ಪಿನಕಾಯಿ ಖಂಡಿತ ಬೇಡ. ಖಾಲಿಯಾದ ಬರಣಿಯಲ್ಲಿ ಆಮೇಲೆ ಯಾರು ಏನು ತುಂಬಿಟ್ಟಿದ್ದರೋ! ಫಿನೈಲ್ ಇರಬಹುದು, ಇಲಿ ಪಾಷಾಣ ಇರಬಹುದು. ಅದನ್ನು ನೋಡೋಕೆ ಇಟ್ಟುಕೊಳ್ಳಿ ಸಾಕು.

ಈಗ ವಯಸ್ಸಿನ ಮಾತು. ಅಕ್ಷರ ಓದುವ ಮೊದಲು ಬಾಯಿ ನೋಡಿ. ಅಚ್ಚಿನ ಎರಡು ಭಾಗ ಕೂಡುವಲ್ಲಿ ಗಾಜಿನ ಮೇಲೆ ಸಣ್ಣ ಗೆರೆ ಏಳುತ್ತದೆ. ಉಗುರು ಆಡಿಸಿದರೆ ತಿಳಿಯುತ್ತದೆ. ನಿಮ್ಮ ಬರಣಿಯ ಗೆರೆ ತುಟಿ ದಾಟಿ ಮೇಲಿನವರೆಗೂ ಹೋಗಿದೆ. ಅಂದರೆ ಬಾಯಿ ಸಮೇತ ಯಂತ್ರದಲ್ಲೇ ಆದದ್ದು. ಅಮೆರಿಕದ ಮೈಕೆಲ್ ಓವೆನ್ಸ್ ಪೂರ್ತಿ ಸ್ವಯಂಚಾಲಿತ ಬಾಟ್ಲಿ ಯಂತ್ರ ತಂದದ್ದು 1900ರ ಆಚೀಚೆಯ ವರ್ಷಗಳಲ್ಲಿ. ಸ್ಲೌ ಅಂದರೆ ಇಂಗ್ಲೆಂಡಿನ ಒಂದು ಊರು, ಹಾರ್ಲಿಕ್ಸ್‌ನವರ ಅಲ್ಲಿನ ಕಾರ್ಖಾನೆ ಶುರುವಾದದ್ದು 1908ರಲ್ಲಿ. ಹಾಗಾಗಿ ಬರಣಿ ಅದಕ್ಕಿಂತ ಹಳೇದಲ್ಲ. ನಮ್ಮಲ್ಲಿ ಪಂಜಾಬಿನ ನಾಭಾದಲ್ಲಿ ಹಾರ್ಲಿಕ್ಸ್ ತಯಾರಿ ಶುರುವಾದದ್ದು 1960ರ ಸುಮಾರಿಗೆ. ಹಡಗಿನಲ್ಲಿ ಬಂದ ನಿಮ್ಮ ಬರಣಿ ಈ ಎರಡರ ನಡುವಿನದು ಅಂತ ನನ್ನ ಅಂದಾಜು. ತಳದಲ್ಲಿ ಅಥವಾ ಮೈಮೇಲೆ ಔನ್ಸ್, ಪೌಂಡ್ ಇದೆಯಾ ನೋಡಿ. ನಮ್ಮ ದೇಶದಲ್ಲಿ ಮೆಟ್ರಿಕ್ ಅಳತೆಯ ಕಾಯ್ದೆ ಬಂದದ್ದು 1956ರಲ್ಲಿ. ಗ್ರಾಂ, ಮಿಲಿಲೀಟರ್ ಬರೆದ ಇಲ್ಲಿಯ ಬಾಟ್ಲಿ ಸಿಕ್ಕರೆ ಅದು ಆಮೇಲಿನದೇ ಅನ್ನಬಹುದು.

ಹಸಿರು ಬಾಟ್ಲಿ ಗೋಲಿ ಸೋಡಾದ್ದು, ಅಲ್ವಾ? ಇಂಗ್ಲೆಂಡಿನ ಹೈರಮ್ ಕಾಡ್ 1872ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಕ್ಯಾಂಪಿನಲ್ಲಿ ಪಲ್ಟನ್ ಇದ್ದ ಊರು ನಮ್ಮದು, ಸೋಡಾಕ್ಕೇನು ಬರ! ಒಳಗಿನ ಗೋಲಿಗಾಗಿ ಮಕ್ಕಳು ಕುತ್ತಿಗೆ ಒಡೆಯುತ್ತಿದ್ದರು, ಅದಕ್ಕೇ ಇಡೀ ಬಾಟ್ಲಿ ಸಿಗುವುದು ಕಡಿಮೆ. ಆದರೆ ಗೋಲಿ ಸೋಡಾ ಇವತ್ತಿಗೂ ಇದೆ. ಆಕಾರ ನೋಡಿ 1872ಕ್ಕಿಂತ ಹಿಂದಿನದಲ್ಲ ಅನ್ನಬಹುದು, ಅಷ್ಟೇ. ಒಡೆದ ಚೂರಿನ ಮೇಲೆ ಊರಿನ ಅಥವಾ ಅಂಗಡಿಯ ಹೆಸರಿದ್ದರೆ ದಯವಿಟ್ಟು ಎಸೆಯಬೇಡಿ. ನನಗೆ ಇಡೀ ಬರಣಿಗಿಂತ ಆ ಚೂರೇ ಬೆಲೆಯುಳ್ಳದ್ದು.

ಮೂರನೆಯದು ನೋಡಿ ಬಹಳ ಸಂತೋಷವಾಯಿತು. ನಮ್ಮ ತಂದೆ ದವಾಖಾನೆಯಲ್ಲಿ ಕಾಂಪೌಂಡರ್ ಆಗಿದ್ದರು. ಬಾಟ್ಲಿಗೆ ಮಿಕ್ಸ್ಚರ್ ತುಂಬಿ, ಕಾಗದದ ಪಟ್ಟಿಯನ್ನು ಹಲ್ಲುಹಲ್ಲಾಗಿ ಕತ್ತರಿಸಿ ಅಂಟಿಸುತ್ತಿದ್ದರು. ಒಂದು ಹಲ್ಲು ಒಂದು ಡೋಸು. ನಿಮ್ಮದರಲ್ಲಿ ಆ ಗೆರೆಗಳು ಗಾಜಿನಲ್ಲೇ ಇವೆ. ಅಚ್ಚಿನ ಗೆರೆ ಕುತ್ತಿಗೆಗೇ ನಿಂತಿದೆ, ಅಂದರೆ ತುಟಿಯನ್ನು ಆಮೇಲೆ ಕೈಯಿಂದ ತಿದ್ದಿದ್ದಾರೆ. ವಿದೇಶದ ಪುಸ್ತಕಗಳು ಇಂಥದ್ದನ್ನು 1910ರ ಹಿಂದಿನದು ಅಂತ ಬರೆಯುತ್ತವೆ. ಅದನ್ನು ನಮ್ಮ ಗಾಜಿಗೆ ಹಾಗೇ ಹಚ್ಚಬೇಡಿ. ಪುಣೆ ಹತ್ತಿರದ ತಳೇಗಾಂವದ ಪೈಸಾ ಫಂಡ್ ಗಾಜಿನ ಕಾರ್ಖಾನೆ ಶುರುವಾದದ್ದೇ 1908ರಲ್ಲಿ, ಕರಾಡದ ಹತ್ತಿರ ಓಗಲೆಯವರದು 1916ರಲ್ಲಿ. ಈ ದೇಶದಲ್ಲಿ ಕೈಕೆಲಸ ಎಷ್ಟೋ ವರ್ಷ ಮುಂದುವರಿಯಿತು. 1898 ಕೂಡ ಇಸವಿ ಅಂತ ನಂಬಬೇಡಿ. ತಳದ ಅಂಕಿ ಬಹಳ ಸಲ ಅಚ್ಚಿನ ಸಂಖ್ಯೆ ಆಗಿರುತ್ತದೆ.

ಒಂದು ಕೆಲಸ ಮಾತ್ರ ಇವತ್ತೇ ಮಾಡಿ. ಎಷ್ಟು ಆಳದಲ್ಲಿ ಸಿಕ್ಕವು, ಜೊತೆಗೆ ಏನಿತ್ತು ಅಂತ ಬರೆದಿಡಿ. ಖಾಲಿ ಬರಣಿಯನ್ನು ಮನೆಯವರು ಸಕ್ಕರೆ, ಬೇಳೆ ಹಾಕಿ ವರ್ಷಗಟ್ಟಲೆ ಬಳಸುತ್ತಿದ್ದರು. ಬರಣಿ ಹುಟ್ಟಿದ ಕಾಲ ಬೇರೆ, ಮಣ್ಣು ಸೇರಿದ ಕಾಲ ಬೇರೆ. ಅದೇ ಪದರದಲ್ಲಿ ಐದನೇ ಜಾರ್ಜ್ ನಾಣ್ಯ ಇದ್ದರೆ ಗುಂಡಿ ಮುಚ್ಚಿದ್ದು 1911ರ ನಂತರ. ಪ್ಲಾಸ್ಟಿಕ್ ಬಿರಡೆ ಇದ್ದರೆ ಇನ್ನೂ ಈಚೆ. ಗುಂಡಿಯಲ್ಲಿ ಎಲ್ಲಕ್ಕಿಂತ ಹೊಸ ವಸ್ತು ಯಾವುದೋ ಅದರ ಮಾತೇ ಕೊನೆಯದು.

ಪ್ರಶ್ನೆ: ಹೊಲದ ಬದುವಿನಲ್ಲಿ ಸಿಕ್ಕ ಬಾಟ್ಲಿ ಕಾಮನಬಿಲ್ಲಿನ ಬಣ್ಣದಲ್ಲಿ ಹೊಳೆಯುತ್ತದೆ. ಆದಿಲ್‌ಶಾಹಿ ಕಾಲದ್ದೇ?
— ಓದುಗರು, ವಿಜಯಪುರ

ಉತ್ತರ: ಆ ಹೊಳಪು ಮಣ್ಣಿನ ತೇವದ ಕೆಲಸ. ಗಾಜಿನೊಳಗಿನ ಕ್ಷಾರ ಹೊರಬಂದು ಮೇಲೆ ತೆಳು ಪೊರೆ ಏಳುತ್ತದೆ. ನೂರು ವರ್ಷದ ಗಾಜಿಗೂ ಅದು ಬರಬಹುದು. ನೀವು ಕಳಿಸಿದ ಫೋಟೊದಲ್ಲಿ ಅಚ್ಚಿನ ಗೆರೆ ಬಾಯಿವರೆಗೂ ಕಾಣುತ್ತದೆ. ಬಿಜಾಪುರ ಔರಂಗಜೇಬನ ಕೈಗೆ ಹೋದದ್ದು 1686ರಲ್ಲಿ. ಯಂತ್ರದ ಗಾಜು ಆ ಕಾಲದ್ದಾಗಲು ಸಾಧ್ಯವಿಲ್ಲ. ಪೊರೆಯನ್ನು ತಂತಿ ಬ್ರಶ್ಶಿನಿಂದ ಉಜ್ಜಬೇಡಿ, ಬಿಸಿನೀರೂ ಬೇಡ. ತಣ್ಣೀರಲ್ಲಿ ನೆನೆಸಿ ಮೆತ್ತನೆ ಬಟ್ಟೆಯಿಂದ ಒರೆಸಿ. ಮುಂದಿನ ಸಲ ತಳದ ಫೋಟೊವನ್ನು ಬದಿಯಿಂದ ಬೆಳಕು ಬೀಳುವಂತೆ ತೆಗೆದು ಕಳಿಸಿ, ಅಕ್ಷರ ಸರಿಯಾಗಿ ಕಾಣುತ್ತವೆ.