1881ರ ನಂತರ ಕಾಣೆಯಾದ ಮನೆಗೆಲಸದವರು: ಎಲ್ಲಿ ಹುಡುಕಬೇಕು?

ಇಂಗ್ಲೆಂಡಿನ 1881ರ ಜನಗಣತಿಯಲ್ಲಿ ಮನೆಗೆಲಸಕ್ಕಿದ್ದ ನಿಮ್ಮ ಮುತ್ತಜ್ಜಿಯ ಅಕ್ಕ ಮುಂದೆ ಎಲ್ಲೂ ಸಿಗುತ್ತಿಲ್ಲ, ಮದುವೆಯೂ ಆಗಿರಲಿಲ್ಲ ಎಂದು ಬರೆದಿದ್ದೀರಿ.

ಮೊದಲು 1891, 1901, 1911ರ ಜನಗಣತಿಗಳಲ್ಲಿ ಹೆಸರು ಬಿಟ್ಟು ಹುಡುಕಿ. ಕೆಲಸದವರ ವಿವರ ಕೊಡುತ್ತಿದ್ದದ್ದು ಸಾಮಾನ್ಯವಾಗಿ ಯಜಮಾನರು. ಹಾಗಾಗಿ ವಯಸ್ಸು ಅಂದಾಜಿನದು, ಹುಟ್ಟೂರಿನ ಬದಲು ಬರೀ ಕೌಂಟಿಯ (ಅಲ್ಲಿನ ಜಿಲ್ಲೆಯಂಥ ವಿಭಾಗ) ಹೆಸರು, ಕೆಲವೊಮ್ಮೆ ಮನೆಯವರು ಕರೆಯುತ್ತಿದ್ದ ಬೇರೆಯೇ ಹೆಸರು ಇರುತ್ತದೆ. ಕೌಂಟಿ, ವಯಸ್ಸು ಐದು ವರ್ಷ ಆಚೀಚೆ, ಯಜಮಾನರೊಂದಿಗಿನ ಸಂಬಂಧದ ಕಾಲಂನಲ್ಲಿ 'ಸರ್ವೆಂಟ್', ಇಷ್ಟೇ ಕೊಡಿ. ಅಡುಗೆಯವರನ್ನೂ ಹೌಸ್‌ಕೀಪರ್‌ಗಳನ್ನೂ ಮದುವೆಯಾಗದಿದ್ದರೂ ಗೌರವಕ್ಕೆ 'ಮಿಸೆಸ್' ಎನ್ನುತ್ತಿದ್ದರು. ಅದನ್ನು ನೋಡಿ ದಾಖಲೆ ಕೈಬಿಡಬೇಡಿ.

ಆಗಲೂ ಸಿಗದಿದ್ದರೆ 1881ರ ಯಜಮಾನರ ಮನೆಯನ್ನೇ ಬೆನ್ನಟ್ಟಿ. ಕುಟುಂಬ ಊರು ಬಿಟ್ಟಾಗ ಹಳೇ ಕೆಲಸದವರೂ ಜೊತೆಗೆ ಹೋಗಿರಬಹುದು. ಯಜಮಾನರ ಉಯಿಲನ್ನೂ ತರಿಸಿ ಓದಿ, ಕೆಲಸದವರಿಗೆ ಹಣ ಬಿಟ್ಟಿದ್ದರೆ ಹೆಸರು ಅಲ್ಲಿರುತ್ತದೆ. ಕೆಲಸವಿಲ್ಲದ ದಿನಗಳಲ್ಲಿ ಒಡಹುಟ್ಟಿದವರ ಮನೆಯಲ್ಲಿ 'ವಿಸಿಟರ್' ಆಗಿ ನಮೂದಾಗಿರುವುದೂ ಉಂಟು.

1921ರ ಜನಗಣತಿ ಕೆಲಸ ಕೊಟ್ಟವರ ಹೆಸರನ್ನೂ ಕೇಳಿತ್ತು. 1931ರದ್ದು 1942ರ ಬೆಂಕಿಯಲ್ಲಿ ಸುಟ್ಟುಹೋಯಿತು. ಯುದ್ಧದ ಆರಂಭದಲ್ಲಿ ಜನರ ಪಟ್ಟಿ ಮಾಡಿದ 1939ರ ರಿಜಿಸ್ಟರಿನಲ್ಲಿ ಪೂರ್ತಿ ಜನ್ಮದಿನಾಂಕ ಸಿಗುತ್ತದೆ.

ಸಾವಿನ ನೋಂದಣಿಗಳ ಸೂಚಿಯಲ್ಲಿ 1866ರಿಂದ ವಯಸ್ಸು ಇದೆ. ಅವರದ್ದೇ ಇರಬಹುದು ಎನಿಸುವ ನಮೂದಿನ ಮರಣ ಪ್ರಮಾಣಪತ್ರ ತರಿಸಿ, ಮಾಹಿತಿ ಕೊಟ್ಟವರ ಕಾಲಂ ತಪ್ಪದೆ ನೋಡಿ. ಅಲ್ಲಿ ತಂಗಿಯ ಮಗಳ ಸಹಿಯಿದ್ದರೆ ಸಾಕ್ಷ್ಯ ಬಹಳ ಗಟ್ಟಿಯಾಗುತ್ತದೆ. 1858ರಿಂದಿರುವ ಪ್ರೊಬೇಟ್ ಕ್ಯಾಲೆಂಡರ್ (ಸತ್ತವರ ಉಯಿಲು, ಆಸ್ತಿ ನಿರ್ವಹಣೆಗೆ ಸಿಕ್ಕ ಅನುಮತಿಗಳ ವಾರ್ಷಿಕ ಪಟ್ಟಿ) ಬಡವರಿಗಲ್ಲ ಎಂದು ಬಿಡಬೇಡಿ, ಸಣ್ಣ ಉಳಿತಾಯವಿದ್ದ 'ಸ್ಪಿನ್‌ಸ್ಟರ್'ಗಳೂ (ಮದುವೆಯಾಗದ ಹೆಂಗಸರೂ) ಅಲ್ಲಿದ್ದಾರೆ.