ಮೊದಲು ನೋವಿನ ಮಾತು ಕಲಿ ತಂಗಿ

ನಿನ್ನ ಪೋಸ್ಟ್‌ನಲ್ಲಿ ಊರು ಚಿಂತಾಮಣಿ ಅಂತ ನೋಡಿದ ಮೇಲೆ ಸುಮ್ನೆ ಇರಲು ಆಗಲಿಲ್ಲ. ನಾನು ಪಕ್ಕದ ಶಿಡ್ಲಘಟ್ಟದವಳು, ಜರ್ಮನಿಗೆ ಬಂದು ಹನ್ನೊಂದು ವರ್ಷ ಆಯಿತು. ಇಲ್ಲಿ ನೋವಿನ ಬಗ್ಗೆ ಆರು ಆಸ್ಪತ್ರೆ ಸೇರಿ ಮಾಡುವ ಸಂಶೋಧನೆಗೆ ಕೋಆರ್ಡಿನೇಟರ್ ಕೆಲಸ ಸಿಕ್ಕಿದೆ, ಇಂಗ್ಲಿಷ್‌ನಲ್ಲೇ ಸಾಗುತ್ತದಾ ಅಕ್ಕ ಅಂತ ಕೇಳಿದ್ದೀಯ. ಮೀಟಿಂಗ್ ಸಾಗುತ್ತದೆ. ಕೆಲಸ ಸಾಗುವುದಿಲ್ಲ.

ಊಟ, ಚಳಿ ಎಲ್ಲ ಆಮೇಲೆ. ಜಾಕೆಟ್ ಇಲ್ಲೇ ತಗೋ, ಭಾನುವಾರ ಅಂಗಡಿ ಮುಚ್ಚಿರುತ್ತವೆ, ಮುದ್ದೆ ಕೋಲು ಊರಿಂದ ತಾ.

ಕೆಲಸದ ವಿಷಯಕ್ಕೆ ಬರೋಣ. ಇಲ್ಲಿನ ನರನೋವಿನ ಸಂಶೋಧಕರ ತಂಡ, ಚರ್ಮಕ್ಕೆ ಏನು ಎಷ್ಟು ಅನ್ನಿಸುತ್ತದೆ ಅಂತ ಅಳೆಯಲು ಮಾಡಿಟ್ಟ ಒಂದು ಪದ್ಧತಿ ಇದೆ, 7 ಪರೀಕ್ಷೆ, 13 ಅಳತೆ. ಅದರಲ್ಲಿ ಒಂದು ಬಿಸಿಯದು. ಚರ್ಮದ ಮೇಲೆ ಸಣ್ಣ ಬಿಲ್ಲೆ ಇಡುತ್ತಾರೆ, 32 ಡಿಗ್ರಿಯಿಂದ ಬಿಸಿ ಏರುತ್ತಾ ಹೋಗುತ್ತದೆ, ನೋವು ಅನ್ನಿಸಿದ ಕೂಡಲೇ ರೋಗಿ ಬಟನ್ ಒತ್ತಬೇಕು. ಒತ್ತಿದಾಗಿನ ಡಿಗ್ರಿಯೇ ಅಂಕಿ. ಒತ್ತದಿದ್ದರೂ 50ಕ್ಕೆ ಅದು ತಾನೇ ನಿಲ್ಲುತ್ತದೆ.

ನನ್ನ ಮೊದಲ ಸ್ಟಡಿಯಲ್ಲೂ ಆರು ಆಸ್ಪತ್ರೆ, ಅದರಲ್ಲಿ ಒಂದರ ಅಂಕಿ ಯಾವಾಗಲೂ ಮಿಕ್ಕವರಿಗಿಂತ ಎರಡು ಮೂರು ಡಿಗ್ರಿ ಜಾಸ್ತಿ. ಯಂತ್ರ ಕೆಟ್ಟಿದೆ ಅಂತ ರಿಪೇರಿಯವರನ್ನು ಕರೆಸಿದೆವು. ಅದು ಸರಿಯಾಗಿಯೇ ಇತ್ತು. ಕೊನೆಗೆ ನಾನೇ ರೈಲು ಹತ್ತಿ ಹೋಗಿ, ಆ ಕೋಣೆಯ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂತೆ. ಅಲ್ಲಿನ ನರ್ಸ್ ರೋಗಿಗೆ ಹೇಳುತ್ತಿದ್ದದ್ದು, "ತಡೆಯೋಕೆ ಆಗಲ್ಲ ಅನ್ನಿಸಿದಾಗ ಒತ್ತಿ" ಅಂತ. ಬೇರೆ ಐದು ಕಡೆ ಹೇಳುತ್ತಿದ್ದದ್ದು, "ನೋವು ಶುರುವಾದ ಕೂಡಲೇ ಒತ್ತಿ". ಅಷ್ಟೇ ವ್ಯತ್ಯಾಸ. ನಾಲ್ಕು ತಿಂಗಳ ಡೇಟಾ ನೀರಲ್ಲಿ ಹೋಮ. ಇಂಗ್ಲಿಷ್ ಮೀಟಿಂಗ್‌ನಲ್ಲಿ ಆರೂ ಜನ ಒಂದೇ ಪದ ಹೇಳಿ ತಲೆಯಾಡಿಸಿದ್ದರು, ಅಲ್ವಾ, ಯಾರಿಗೆ ಗೊತ್ತಾಗಬೇಕು?

ಅದಕ್ಕೇ ಹೇಳಿದ್ದು, ಜರ್ಮನ್‌ನಲ್ಲಿ ಮೊದಲು ನೋವಿನ ಮಾತು ಕಲಿ. ಬ್ರೆನ್ನೆಂಡ್ ಅಂದರೆ ಉರಿ, ಷ್ಟೆಖೆಂಡ್ ಅಂದರೆ ಚುಚ್ಚಿದ ಹಾಗೆ. ಜೋಮಿಗೆ ಇವರು ಇರುವೆ ಓಡಿದಂತೆ ಅನ್ನುತ್ತಾರೆ, ನಮ್ಮಜ್ಜಿಯೂ ಹಾಗೇ ಅನ್ನುತ್ತಿದ್ದಳು. ಕೆನಡಾದ ನೋವಿನ ಸಂಶೋಧಕ ಮೆಲ್ಜಾಕ್ 1975ರಲ್ಲಿ ಇಂಥ 78 ಪದ ಸೇರಿಸಿ ಪ್ರಶ್ನಾವಳಿ ಮಾಡಿದ್ದು ಸುಮ್ನೆ ಅಲ್ಲ. ಮನೆಯಲ್ಲಿ ತೆಲುಗು, ಸ್ಕೂಲಲ್ಲಿ ಕನ್ನಡ ಅಂತ ಬೆಳೆದವರು ನಮ್ಮ ಕಡೆ ಎಷ್ಟು ಜನ, ಇನ್ನೊಂದು ಭಾಷೆಗೆ ಹೆದರಬೇಡ.

ನಮ್ಮಮ್ಮ ರೇಷ್ಮೆ ರೀಲಿಂಗ್ ಕೆಲಸದವಳು. ದಿನವಿಡೀ ಬಿಸಿನೀರಲ್ಲಿ ಕೈಯಾಡಿಸಿ ಗೂಡಿನ ಎಳೆ ಹಿಡಿಯುತ್ತಿದ್ದಳು, ಸಂಜೆಗೆ ಬೆರಳ ತುದಿ ಬೆಳ್ಳಗೆ ಸುಕ್ಕಾಗಿರುತ್ತಿತ್ತು. ನೋವಾ ಅಂದರೆ, "ಏನ್ ನೋವು, ಚುರುಚುರು ಅಷ್ಟೇ". ಅಂಥವರು ಇಲ್ಲೂ ಇದ್ದಾರೆ, ನೋವು ಎಷ್ಟು ಅಂತ ಕೇಳಿದರೆ ಹತ್ತಕ್ಕೆ ಎರಡು ಅನ್ನುತ್ತಾರೆ. ಎರಡು ಅಂದರೆ ಎರಡೇ ಬರೆಯಬೇಕು, ನಮ್ಮ ಊಹೆ ಸೇರಿಸಬಾರದು. ನೋವಿನ ಅಂತರರಾಷ್ಟ್ರೀಯ ಸಂಘ 2020ರಲ್ಲಿ ವ್ಯಾಖ್ಯೆ ತಿದ್ದಿದಾಗ, ನೋವು ಅಂತ ಹೇಳಿದವರ ಮಾತಿಗೆ ಬೆಲೆ ಕೊಡಬೇಕು ಅಂತ ಸೇರಿಸಿತು. ಚುರುಚುರು ಅಂದದ್ದನ್ನೂ ಪಕ್ಕದಲ್ಲಿ ಬರೆದಿಡು.

ಆಸ್ಪತ್ರೆಗಳ ನಡುವಿನ ಡೇಟಾ ಒಪ್ಪಂದ ತಿಂಗಳುಗಟ್ಟಲೆ ಎಳೆಯುತ್ತದೆ, ರೋಗಿಯ ಹೆಸರು ಹೊರಗೆ ಹೋಗದು, ಬರೀ ಕೋಡ್. ಆ ಕಾಯುವ ದಿನಗಳಲ್ಲಿ ಆರೂ ಕೋಣೆಗೆ ಹೋಗಿ ಕೂತು ಕೇಳು. ನಿನ್ನ ಕೈಮೇಲೂ ಬಿಲ್ಲೆ ಇಡಿಸಿಕೋ. ನಾನು 44ಕ್ಕೇ ಒತ್ತಿಬಿಟ್ಟೆ. ಫೋನಿನಲ್ಲಿ ಹೇಳಿದ್ದಕ್ಕೆ ಅಮ್ಮ ಹೊಟ್ಟೆ ಹುಣ್ಣಾಗುವ ಹಾಗೆ ನಕ್ಕಳು.